ಲಾಂಛನದ ಕಾಂಗರೂ, ಮನೆ ಹಿಂದಿನ ಕಾಂಗರೂ

ಆಸ್ಟ್ರೇಲಿಯಾದ ರಾಷ್ಟ್ರಲಾಂಛನದಲ್ಲಿ ಒಂದು ಗುರಾಣಿ ಇದೆ. ಅದನ್ನು ಎಡಗಡೆಯಿಂದ ಕೆಂಪು ಕಾಂಗರೂ, ಬಲಗಡೆಯಿಂದ ಎಮು ಹಕ್ಕಿ ಹಿಡಿದು ನಿಂತಿವೆ. ಪಾಸ್‌ಪೋರ್ಟಿನ ಮೇಲೆ ಇದೇ ಚಿತ್ರ. 50 ಸೆಂಟ್ ನಾಣ್ಯದ ಮೇಲೂ ಇದೇ. ಕೇಂದ್ರ ಸರ್ಕಾರದಿಂದ ಬರುವ ಕಾಗದದಲ್ಲೂ ಇದೇ. ನಾನಿರುವುದು ರಾಜಧಾನಿ ಕ್ಯಾನ್‌ಬೆರಾದಲ್ಲಿ, ಊರಿನ ಉತ್ತರದ ಅಂಚಿಗೆ. ಇಲ್ಲಿ ಕಾಂಗರೂ ನೋಡಲು ಮೃಗಾಲಯಕ್ಕೆ ಟಿಕೆಟ್ ತೆಗೆಸಬೇಕಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಮನೆ ಹಿಂದಿನ ಗುಡ್ಡದ ಕಡೆ ಹೊರಟರೆ ಆಯಿತು, ಹಿಂಡುಗಟ್ಟಲೆ ಮೇಯುತ್ತಿರುತ್ತವೆ.

ಊರಿನಿಂದ ಫೋನ್ ಮಾಡುವವರು ಮೊದಲು ಕೇಳುವುದೂ ಅದನ್ನೇ. "ಅಲ್ಲಿ ಕಾಂಗರೂ ರಸ್ತೇಲೆಲ್ಲ ಓಡಾಡ್ತಾವಂತೆ, ಹೌದಾ?" ಹೌದು, ಓಡಾಡುತ್ತವೆ. ಆದರೆ ಇಲ್ಲಿ ಬದುಕುತ್ತಾ ನನ್ನನ್ನು ಹಿಡಿದಿಟ್ಟ ವಿಷಯ ಬೇರೆ. ಒಂದು ದೇಶ ಯಾವ ಪ್ರಾಣಿಯನ್ನು ತನ್ನ ಗುರುತು ಅಂತ ಆರಿಸಿಕೊಳ್ಳುತ್ತದೋ, ಆ ಪ್ರಾಣಿಯ ಜೊತೆ ದಿನನಿತ್ಯ ಹೇಗೆ ನಡೆದುಕೊಳ್ಳುತ್ತದೆ? ಲಾಂಛನಕ್ಕೆ ಏರಿದ ಮಾತ್ರಕ್ಕೆ ಆ ಪ್ರಾಣಿಗೆ ಏನಾದರೂ ಒಳ್ಳೆಯದಾಗುತ್ತದಾ? ಈ ಪ್ರಶ್ನೆಗೆ ಆಸ್ಟ್ರೇಲಿಯಾದಷ್ಟು ಕಥೆಗಳಿರುವ ದೇಶ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಮೊದಲು ಕಾಂಗರೂವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟೀವಿಯಲ್ಲಿ ನಾವು ನೋಡುವುದು ಅದು ನೆಗೆಯುವುದನ್ನು. ಗುಡ್ಡದಲ್ಲಿ ಜಾಸ್ತಿ ಕಾಣುವುದು ಅದು ನಿಧಾನವಾಗಿ ಮೇಯುವುದು. ಮೇಯುವಾಗ ಅದು ನೆಗೆಯುವುದಿಲ್ಲ. ಮುಂದಿನ ಎರಡು ಪುಟ್ಟ ಕೈಗಳನ್ನು ನೆಲಕ್ಕೆ ಊರುತ್ತದೆ. ಬಾಲವನ್ನೂ ಗಟ್ಟಿಯಾಗಿ ಊರುತ್ತದೆ. ಆಮೇಲೆ ಹಿಂದಿನ ಎರಡು ದೊಡ್ಡ ಕಾಲುಗಳನ್ನು ಒಟ್ಟಿಗೆ ಎತ್ತಿ ಮುಂದಕ್ಕೆ ಇಡುತ್ತದೆ. ಬಾಲ ಆಗ ಐದನೇ ಕಾಲು. ಸುಮ್ನೆ ಆಸರೆಗೆ ಮಾತ್ರ ಅಲ್ಲ, ದೇಹವನ್ನು ಮುಂದಕ್ಕೆ ನೂಕುವುದೂ ಅದೇ. ನಾವು ಒಂದು ಹೆಜ್ಜೆ ಹತ್ತಿರ ಹೋದರೆ ಹುಲ್ಲು ಅಗಿಯುವುದು ನಿಲ್ಲುತ್ತದೆ. ಕಿವಿಗಳು ಒಂದು ನಮ್ಮ ಕಡೆ, ಒಂದು ಇನ್ನೆಲ್ಲೋ ತಿರುಗುತ್ತವೆ. ಇನ್ನೊಂದು ಹೆಜ್ಜೆ ಇಟ್ಟರೆ ಹಿಂಡಿಗೆ ಹಿಂಡೇ ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತದೆ. ಅಲ್ಲಿಗೇ ನಿಲ್ಲಬೇಕು. ಗಂಡು ಕಾಂಗರೂ ಎದ್ದು ನಿಂತರೆ ಒಬ್ಬ ಗಂಡಸಿನಷ್ಟು ಎತ್ತರ. ಹತ್ತಿರ ಹೋಗಿ ಸೆಲ್ಫಿ ತೆಗೆಯುವ ಪ್ರಾಣಿ ಅಲ್ಲ ಅದು.

ಮರಿಯ ವಿಷಯವಂತೂ ನನಗೆ ಈಗಲೂ ಬೆರಗು. ಸುಮಾರು ಐದು ವಾರದ ಬಸಿರು. ಹುಟ್ಟುವ ಮರಿ ಒಂದು ಗ್ರಾಂಗಿಂತ ಕಡಿಮೆ ತೂಕ, ಕಣ್ಣಿಲ್ಲ, ಕೂದಲಿಲ್ಲ, ಹಿಂಗಾಲು ಇನ್ನೂ ಮೂಡಿಯೇ ಇರುವುದಿಲ್ಲ ಅನ್ನಬೇಕು. ಅಂಥ ಮರಿ ತಾನೇ ತಾಯಿಯ ರೋಮ ಹಿಡಿದು ಹತ್ತಿ ಹೊಟ್ಟೆಚೀಲ ಸೇರುತ್ತದೆ. ಮೊಲೆತೊಟ್ಟನ್ನು ಬಾಯಲ್ಲಿ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಆಹಾರಕ್ಕೆ ಕಷ್ಟ ಬಂದಾಗ ಮೊದಲು ಹೋಗುವುದು ಮರಿಗಳು. ಬರಗಾಲ ಈ ನೆಲಕ್ಕೆ ಹೊಸದಲ್ಲ, ಕಾಂಗರೂಗೂ ಹೊಸದಲ್ಲ.

ಇನ್ನು ಲಾಂಛನ. ಆಸ್ಟ್ರೇಲಿಯಾದ ಆರು ವಸಾಹತುಗಳು ಒಂದಾಗಿ ಒಂದೇ ದೇಶವಾದದ್ದು 1901ರಲ್ಲಿ. ಮೊದಲ ಲಾಂಛನವನ್ನು 1908ರಲ್ಲಿ ದೊರೆ ಏಳನೇ ಎಡ್ವರ್ಡ್ ಕೊಟ್ಟ. ಅದರಲ್ಲೂ ಕಾಂಗರೂ, ಎಮು ಇದ್ದವು. ಗುರಾಣಿಯ ಮೇಲೆ ರಾಜ್ಯಗಳ ಗುರುತೇ ಇಲ್ಲ ಅಂತ ಜನರಿಗೆ ಅಸಮಾಧಾನ. ಹಾಗಾಗಿ 1912ರಲ್ಲಿ ಐದನೇ ಜಾರ್ಜ್ ಕಾಲದಲ್ಲಿ ಆರು ರಾಜ್ಯಗಳ ಚಿಹ್ನೆ ಸೇರಿಸಿ ಹೊಸದು ಬಂತು. ಈಗಲೂ ಅದೇ ಚಾಲ್ತಿಯಲ್ಲಿದೆ. ಪ್ರಾಣಿಗಳನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಇವೆರಡೂ ಹಿಂದಕ್ಕೆ ನಡೆಯಲಾರವು, ಅದಕ್ಕೇ ಮುನ್ನಡೆಯುವ ದೇಶಕ್ಕೆ ಇವನ್ನು ಆರಿಸಿದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಶಾಲೆಯ ಮಕ್ಕಳೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಸರ್ಕಾರ ಕೊಡುವ ವಿವರಣೆ ಸರಳ: ಇವು ಈ ನೆಲದ್ದೇ ಪ್ರಾಣಿಗಳು, ಎಲ್ಲರಿಗೂ ಗೊತ್ತಿರುವಂಥವು, ಗುರಾಣಿಯ ಅಕ್ಕಪಕ್ಕ ನಿಲ್ಲಿಸುವಷ್ಟು ದೊಡ್ಡವು. ಇನ್ನೂ ಒಂದು ಮಾತಿದೆ, ಇದು ಹೆಚ್ಚಿನವರಿಗೆ ತಿಳಿದಿಲ್ಲ. ಗೋಲ್ಡನ್ ವಾಟಲ್ ಅನ್ನುವ ಹಳದಿ ಹೂವನ್ನು 1988ರಲ್ಲಿ ಅಧಿಕೃತವಾಗಿ ರಾಷ್ಟ್ರೀಯ ಪುಷ್ಪ ಅಂತ ಘೋಷಿಸಿದರು. ಕಾಂಗರೂವನ್ನಾಗಲಿ ಎಮುವನ್ನಾಗಲಿ ರಾಷ್ಟ್ರೀಯ ಪ್ರಾಣಿ, ರಾಷ್ಟ್ರೀಯ ಪಕ್ಷಿ ಅಂತ ಇವತ್ತಿನವರೆಗೂ ಘೋಷಿಸಿಲ್ಲ. ಲಾಂಛನದಲ್ಲಿ ನಿಂತಿವೆ, ಜನರ ಮನಸ್ಸಿನಲ್ಲಿ ನಿಂತಿವೆ, ಅಷ್ಟೇ.

ಆ ಮನಸ್ಸಿನ ಜಾಗವೇನೂ ಚಿಕ್ಕದಲ್ಲ. 1913ರಲ್ಲಿ ಇಡೀ ದೇಶಕ್ಕೆ ಮೊದಲ ಅಂಚೆಚೀಟಿ ಬಂದಾಗ ಅದರ ಮೇಲೆ ಬ್ರಿಟನ್ನಿನ ದೊರೆಯ ಮುಖ ಇರಲಿಲ್ಲ. ದೇಶದ ನಕ್ಷೆ, ಅದರ ನಡುವೆ ಒಂದು ಕಾಂಗರೂ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ, ಟೀಕೆಯೂ ಬಂತು. 1938ರಲ್ಲಿ ಒಂದು ಪೆನ್ನಿ ನಾಣ್ಯದ ಮೇಲೆ ನೆಗೆಯುವ ಕಾಂಗರೂ ಬಂತು. ಆ ಚಿತ್ರವನ್ನೇ ನೋಡಿ 1944ರಲ್ಲಿ ಕ್ವಾಂಟಾಸ್ ವಿಮಾನದ ಮೇಲೆ ಕಾಂಗರೂ ಬರೆದರು. ಈಗಿನ ಒಂದು ಡಾಲರ್ ನಾಣ್ಯದ ಮೇಲೆ ಐದು ಕಾಂಗರೂಗಳಿವೆ. 1983ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ ಗೆದ್ದಾಗ ಹಾರಿದ ಬಾಕ್ಸಿಂಗ್ ಕಾಂಗರೂ ಬಾವುಟ ಈಗಲೂ ಕ್ರಿಕೆಟ್ ಮೈದಾನಗಳಲ್ಲಿ ಕಾಣುತ್ತದೆ. ರಗ್ಬಿ ತಂಡದ ಹೆಸರು ವಾಲಬೀಸ್ (ವಾಲಬಿ ಅಂದರೆ ಕಾಂಗರೂವಿನದೇ ಚಿಕ್ಕ ಬಗೆ), ಫುಟ್‌ಬಾಲ್ ತಂಡ ಸಾಕರೂಸ್. ಆಸ್ಟ್ರೇಲಿಯಾ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಈ ಪ್ರಾಣಿಯೇ ಅಲ್ವಾ?

ಇಷ್ಟೆಲ್ಲ ಪ್ರೀತಿಯ ನಡುವೆಯೇ ಸೂಪರ್‌ಮಾರ್ಕೆಟ್ಟಿನ ಮಾಂಸದ ಕಪಾಟಿನಲ್ಲಿ ಕುರಿ, ದನದ ಮಾಂಸದ ಪಕ್ಕದಲ್ಲಿ ಕಾಂಗರೂ ಮಾಂಸವೂ ಇರುತ್ತದೆ. ಕೀಮಾ, ತುಂಡು, ಸಾಸೇಜ್ ಎಲ್ಲ ಸಿಗುತ್ತದೆ. ಅಮ್ಮ ಇಲ್ಲಿಗೆ ಬಂದಾಗ ಆ ಪ್ಯಾಕೆಟ್ ಮೇಲಿನ ಚಿತ್ರ ನೋಡಿ ಗಾಡಿ ನಿಲ್ಲಿಸಿಬಿಟ್ಟರು.

"ಇದೇನೇ ಇದು, ಕಾಂಗರೂನೇ ತಿಂತಾರಾ?"

"ಹೂಂ ಅಮ್ಮ, ತಿಂತಾರೆ."

"ಸರ್ಕಾರದ ಮುದ್ರೆ ಮೇಲೆ ಇಟ್ಕೊಂಡು?"

ಅಮ್ಮನ ಪ್ರಶ್ನೆಗೆ ಅಂಗಡಿಯಲ್ಲಿ ನಿಂತು ಉತ್ತರ ಹೇಳುವುದು ಸುಲಭವಿರಲಿಲ್ಲ. ಹೇಳಬೇಕಾದ್ದು ಇಷ್ಟಿದೆ. ಸೌತ್ ಆಸ್ಟ್ರೇಲಿಯಾದಲ್ಲಿ 1980ರಿಂದ, ಉಳಿದ ರಾಜ್ಯಗಳಲ್ಲಿ 1993ರಿಂದ ಮನುಷ್ಯರ ಊಟಕ್ಕೆ ಇದನ್ನು ಮಾರಬಹುದು. ಅದಕ್ಕೂ ಮುಂಚೆ ನಾಯಿ, ಬೆಕ್ಕಿನ ಆಹಾರಕ್ಕೆ ಮಾತ್ರ. ಕಾಂಗರೂವನ್ನು ಯಾರೂ ಫಾರ್ಮಿನಲ್ಲಿ ಸಾಕಿ ಮಾರುವುದಿಲ್ಲ. ಪರವಾನಗಿ ಇರುವವರು ಕಾಡುಮೇಡಿನಲ್ಲಿ ರಾತ್ರಿ ಹೊತ್ತು ಗುಂಡು ಹಾರಿಸಿ ಹೊಡೆಯುತ್ತಾರೆ. ಪ್ರತಿ ವರ್ಷ ಎಷ್ಟು ಹೊಡೆಯಬಹುದು ಅಂತ ಸರ್ಕಾರ ಮಿತಿ ಹಾಕುತ್ತದೆ. ದೇಶದಲ್ಲಿ ಕಾಂಗರೂಗಳು ಕೋಟಿಗಟ್ಟಲೆ ಇವೆ. ಕುರಿ, ದನ ಸಾಕುವವರು ಕುಡಿಯುವ ನೀರಿಗೆ ತೊಟ್ಟಿ ಕಟ್ಟಿದರು, ಹುಲ್ಲುಗಾವಲು ಮಾಡಿದರು, ಕಾಂಗರೂವನ್ನು ಬೇಟೆಯಾಡುತ್ತಿದ್ದ ಡಿಂಗೋ ಕಾಡುನಾಯಿಗಳನ್ನು ಓಡಿಸಿದರು. ದೊಡ್ಡ ಜಾತಿಯ ಕಾಂಗರೂಗಳಿಗೆ ಇದು ಅನುಕೂಲವೇ ಆಯಿತು. ಲಾಂಛನದ ಎರಡೂ ಪ್ರಾಣಿಗಳನ್ನು ಒಂದೇ ತಟ್ಟೆಯಲ್ಲಿ ಬಡಿಸುವ ಹೋಟೆಲುಗಳೂ ಇವೆ. ಅದು ನನಗೆ ಇಷ್ಟವಾಗುವುದಿಲ್ಲ. ಹಸಿವಿಗೆ ತಿನ್ನುವುದು ಬೇರೆ, ಲಾಂಛನ ತಿಂದೆವು ಅಂತ ಹೇಳಿಕೊಳ್ಳಲು ತಿನ್ನುವುದು ಬೇರೆ.

ನಮ್ಮ ಕ್ಯಾನ್‌ಬೆರಾದ ಗುಡ್ಡಗಳಲ್ಲಿರುವುದು ಲಾಂಛನದ ಕೆಂಪು ಕಾಂಗರೂ ಅಲ್ಲ. ಅದು ಒಳನಾಡಿನ ಒಣ ಬಯಲಿನದು. ಇಲ್ಲಿಯದು ಬೂದು ಬಣ್ಣದ ಈಸ್ಟರ್ನ್ ಗ್ರೇ. 2009ರಿಂದ ಇಲ್ಲಿಯ ಸರ್ಕಾರ ಕೆಲವು ರಿಸರ್ವ್‌ಗಳಲ್ಲಿ ಚಳಿಗಾಲದಲ್ಲಿ ಕಾಂಗರೂಗಳ ಸಂಖ್ಯೆ ಕಡಿಮೆ ಮಾಡುತ್ತದೆ. ಅಂದರೆ ಗುಂಡು ಹೊಡೆಸುತ್ತದೆ. ಆಗ ಸಂಜೆಯ ಮೇಲೆ ರಿಸರ್ವ್‌ನ ಗೇಟು ಮುಚ್ಚಿ ಬೋರ್ಡು ಹಾಕುತ್ತಾರೆ. ಪ್ರತಿ ಸಲವೂ ವಿರೋಧ ಇದ್ದೇ ಇದೆ. ಪ್ರಾಣಿಪ್ರಿಯರು ಪ್ರತಿಭಟನೆ ಮಾಡುತ್ತಾರೆ, ಕೋರ್ಟಿಗೂ ಹೋಗಿದ್ದಾರೆ. ದೇಶದ ರಾಜಧಾನಿಯಲ್ಲಿಯೇ ದೇಶದ ಗುರುತನ್ನು ಕೊಲ್ಲುತ್ತೀರಲ್ಲ ಅನ್ನುವ ಮಾತು ಆಗೆಲ್ಲ ಕೇಳಿಬರುತ್ತದೆ.

ಸರ್ಕಾರ ಕೊಡುವ ಕಾರಣವನ್ನೂ ಕೇಳಬೇಕು. ಕ್ಯಾನ್‌ಬೆರಾದ ಹುಲ್ಲುಗಾವಲಿನಲ್ಲಿ ಒಂದು ಪುಟ್ಟ ಓತಿ ಇದೆ. ಬಾಲ ಸೇರಿ ಗೇಣುದ್ದವೂ ಇಲ್ಲ. ಹೊರಗೆ ಕಿವಿಯ ತೂತು ಕಾಣುವುದಿಲ್ಲ, ಅದಕ್ಕೇ ಕಿವಿಯಿಲ್ಲದ ಡ್ರಾಗನ್ ಅಂತ ಹೆಸರು. ಜೇಡ, ಮಿಡತೆಗಳು ತೋಡಿದ ಬಿಲದಲ್ಲಿ ಇರುತ್ತದೆ. ಕ್ಯಾನ್‌ಬೆರಾದ ಸುತ್ತಮುತ್ತ ಬಿಟ್ಟರೆ ಈ ಜಾತಿ ಬೇರೆಲ್ಲೂ ಇಲ್ಲ, ಇಲ್ಲಿಯೂ ಅಳಿವಿನ ಅಂಚಿಗೆ ಬಂದಿದೆ. ಕಾಂಗರೂಗಳು ಜಾಸ್ತಿಯಾಗಿ, ಬರವೂ ಸೇರಿ, ಹುಲ್ಲು ನೆಲಮಟ್ಟಕ್ಕೆ ಇಳಿದರೆ ಈ ಓತಿಗೆ ಅಡಗಲು ಜಾಗವಿಲ್ಲ, ತಿನ್ನಲು ಹುಳುವಿಲ್ಲ. ಊರು ಬೆಳೆದು ಹುಲ್ಲುಗಾವಲು ತುಂಡು ತುಂಡಾಗಿದೆ. ಕಾಂಗರೂಗಳು ಬೇರೆ ಕಡೆ ಹೋಗಲಾರವು. ಬೇಟೆಯಾಡುವ ಡಿಂಗೋ ಇಲ್ಲ. ಹಾಗಾಗಿ ಲಾಂಛನದ ಪ್ರಾಣಿಯನ್ನು ಕಡಿಮೆ ಮಾಡಿ ಹೆಸರೇ ಕೇಳದ ಓತಿಯನ್ನು ಉಳಿಸಬೇಕು ಅನ್ನುವ ತೀರ್ಮಾನ.

ನನಗೆ ಗುಂಡಿನ ಮಾತು ಹಿತವಲ್ಲ. ಆದರೂ ಯೋಚಿಸುತ್ತಾ ಹೋದಂತೆ ಓತಿಯ ಪರವೇ ನಿಲ್ಲಬೇಕೆನಿಸುತ್ತದೆ. ಆ ಹುಲ್ಲುಗಾವಲನ್ನು ತುಂಡು ಮಾಡಿದ್ದು ನಾವು, ಮನೆ ಕಟ್ಟಿಕೊಂಡ ನಾನೂ ಸೇರಿ. ಗುಡ್ಡದಲ್ಲಿ ಕಾಂಗರೂ ನಾಳೆಯೂ ಇರುತ್ತದೆ. ಓತಿ ಹೋದರೆ ಹೋಯಿತು.

ಇದೇ ಊರಿನಲ್ಲಿ ಇನ್ನೊಂದು ಬಗೆಯ ಜನರೂ ಇದ್ದಾರೆ. ನಮ್ಮ ಪಕ್ಕದ ರಸ್ತೆಯಲ್ಲಿ ನಿವೃತ್ತರಾದ ಒಬ್ಬರು ಇದ್ದಾರೆ. ಅವರ ಕಾರಿನ ಹಿಂದೆ ಯಾವಾಗಲೂ ಒಂದೆರಡು ದಿಂಬಿನ ಕವರ್, ಹಳೆ ಟವೆಲ್, ಒಂದು ಟಾರ್ಚ್ ಇರುತ್ತದೆ. ಕಾರಿಗೆ ಸಿಕ್ಕು ಸತ್ತ ಕಾಂಗರೂ ರಸ್ತೆ ಬದಿ ಕಂಡರೆ ಗಾಡಿ ನಿಲ್ಲಿಸುತ್ತಾರೆ. ಹೆಣ್ಣಾಗಿದ್ದರೆ ಹೊಟ್ಟೆಚೀಲದಲ್ಲಿ ಮರಿ ಬದುಕಿದೆಯಾ ಅಂತ ನೋಡುತ್ತಾರೆ. ಒಂದು ಸಲ ನನಗೂ ತೋರಿಸಿಕೊಟ್ಟರು. ಮರಿ ತೊಟ್ಟು ಕಚ್ಚಿಕೊಂಡಿದ್ದರೆ ಎಳೆಯಬಾರದು, ಅದರ ಬಾಯಿಗೆ ಪೆಟ್ಟಾಗುತ್ತದೆ. ಗೊತ್ತಿರುವವರನ್ನು ಫೋನಿನಲ್ಲಿ ಕೇಳಿಕೊಂಡೇ ಮುಂದುವರಿಯಬೇಕು. ಬಿಡಿಸಿಕೊಂಡ ಮರಿಯನ್ನು ದಿಂಬಿನ ಕವರಿನೊಳಗೆ ಇಟ್ಟು ಅಂಗಿಯೊಳಗೆ ಸೇರಿಸಿ ಬೆಚ್ಚಗೆ ಹಿಡಿದುಕೊಳ್ಳಬೇಕು. ಕತ್ತಲು, ಬಿಸಿ, ಸದ್ದಿಲ್ಲದ ಜಾಗ, ಅಷ್ಟು ಸಾಕು ಅದಕ್ಕೆ. ಹಸುವಿನ ಹಾಲು ಕುಡಿಸಲೇಬಾರದು, ಅರಗುವುದಿಲ್ಲ. ಅನಾಥ ಮರಿಗಳನ್ನು ಮನೆಯಲ್ಲೇ ಬೆಳೆಸಿ ಕಾಡಿಗೆ ಬಿಡುವ ತರಬೇತಿ ಪಡೆದ ಸ್ವಯಂಸೇವಕರು ದೇಶದ ತುಂಬ ಇದ್ದಾರೆ. ರಾತ್ರಿ ಎದ್ದೆದ್ದು ಬಾಟಲಿಯಲ್ಲಿ ಹಾಲು ಕುಡಿಸುತ್ತಾರೆ, ಸಂಬಳವಿಲ್ಲದೆ.

ಎಮುವಿನ ಕಥೆ ಇನ್ನೂ ಗಟ್ಟಿ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಜಮೀನು ಕೊಟ್ಟಿತ್ತು. ಕಾಡು ಕಡಿದು ಗೋಧಿ ಬೆಳೆದರು. 1930ರ ಹೊತ್ತಿಗೆ ಜಗತ್ತಿನ ಆರ್ಥಿಕ ಕುಸಿತ, ಗೋಧಿಯ ಬೆಲೆ ಪಾತಾಳಕ್ಕೆ. ಅದೇ ಸಮಯಕ್ಕೆ ಒಳನಾಡಿನಿಂದ ನೀರು, ಮೇವು ಹುಡುಕಿ ಸುಮಾರು 20,000 ಎಮುಗಳು ಅಲ್ಲಿಯ ಕ್ಯಾಂಪಿಯನ್ ಅನ್ನುವ ಊರಿನ ಸುತ್ತಲಿನ ಹೊಲಗಳಿಗೆ ಇಳಿದವು. ಬೆಳೆ ತಿಂದವು, ತುಳಿದವು, ಬೇಲಿ ಮುರಿದವು. ಆ ಕಿಂಡಿಗಳಲ್ಲಿ ಮೊಲಗಳೂ ನುಗ್ಗಿದವು. ರೈತರು ಹೋಗಿ ಕೇಳಿದ್ದು ರಕ್ಷಣಾ ಮಂತ್ರಿ ಜಾರ್ಜ್ ಪಿಯರ್ಸ್ ಅವರನ್ನು. 1932ರ ನವೆಂಬರಿನಲ್ಲಿ ಮೇಜರ್ ಮೆರೆಡಿತ್ ಎರಡು ಲೂಯಿಸ್ ಮೆಷಿನ್‌ಗನ್, 10,000 ಸುತ್ತು ಗುಂಡು ತೆಗೆದುಕೊಂಡು ಬಂದ.

ಎಮುಗಳು ಗುಂಪು ಗುಂಪಾಗಿ ನಿಂತು ಕಾಯಲಿಲ್ಲ. ಸದ್ದಾದ ಕೂಡಲೇ ಚಿಕ್ಕ ಚಿಕ್ಕ ಗುಂಪಾಗಿ ಚದುರಿದವು. ಗಂಟೆಗೆ 50 ಕಿ.ಮೀ. ಓಡುವ ಹಕ್ಕಿ ಅದು. ಬಂದೂಕು ಮಧ್ಯೆ ಕೆಟ್ಟು ನಿಂತಿತು. ಲಾರಿಗೆ ಕಟ್ಟಿ ಓಡಿಸಿದರೆ ಹೊಲದ ಉಬ್ಬುತಗ್ಗಿನಲ್ಲಿ ಗುರಿ ಹಿಡಿಯಲಾಗಲಿಲ್ಲ. ಸಂಸತ್ತಿನಲ್ಲಿ ಪ್ರಶ್ನೆಗಳು ಎದ್ದವು. ಒಮ್ಮೆ ವಾಪಸು ಕರೆಸಿ, ಮತ್ತೆ ಕಳಿಸಿ, ಡಿಸೆಂಬರಿನಲ್ಲಿ ನಿಲ್ಲಿಸಿದರು. ಮೆರೆಡಿತ್ ಕೊಟ್ಟ ಲೆಕ್ಕದಲ್ಲಿ ಸತ್ತದ್ದು 986. ಈಗ ಇದನ್ನು ಎಮು ಯುದ್ಧ ಅಂತ ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಒಂದು ಕಡೆ ಯುದ್ಧದಿಂದ ಬಳಲಿ ಬಂದು ಸಾಲದಲ್ಲಿ ಮುಳುಗಿದ ರೈತರು. ಇನ್ನೊಂದು ಕಡೆ ತನ್ನ ಹಳೇ ದಾರಿಯಲ್ಲೇ ನೀರಿಗೆ ನಡೆದು ಬಂದ ಹಕ್ಕಿ. ಲಾಂಛನದಲ್ಲಿ ಗುರಾಣಿ ಹಿಡಿದು ಆಗಲೇ 24 ವರ್ಷ ಆಗಿತ್ತು ಅದು. ಮೆಷಿನ್‌ಗನ್ ಹೋದ ಮೇಲೂ ತಲೆಗೆ ಇಷ್ಟು ಅಂತ ಇನಾಮು ಕೊಡುವುದು ಮುಂದುವರಿಯಿತು. ಸತ್ತ ಎಮುಗಳ ಲೆಕ್ಕ ಆಮೇಲೆ ಹತ್ತಾರು ಸಾವಿರಕ್ಕೆ ಹೋಯಿತು. ಇದಕ್ಕೂ ನೂರು ವರ್ಷ ಮೊದಲೇ ಕಿಂಗ್ ಐಲೆಂಡ್ ಮತ್ತು ಕಾಂಗರೂ ಐಲೆಂಡ್‌ಗಳಲ್ಲಿದ್ದ ಕುಳ್ಳ ಎಮುಗಳು ಬೇಟೆಗೆ ಸಿಕ್ಕಿ ನಿರ್ನಾಮವಾಗಿದ್ದವು.

ಎಮುವಿನ ಸಂಸಾರ ನೋಡಿದರೆ ಗೌರವ ಬರುತ್ತದೆ. ಹೆಣ್ಣು ಕಡು ಹಸಿರು ಬಣ್ಣದ ದೊಡ್ಡ ಮೊಟ್ಟೆಗಳನ್ನು ಇಟ್ಟು ಹೋಗಿಬಿಡುತ್ತದೆ. ಕಾವು ಕೂರುವುದು ಗಂಡು. ಸುಮಾರು ಎಂಟು ವಾರ. ಆ ದಿನಗಳಲ್ಲಿ ಅದು ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ ಅನ್ನುವಷ್ಟು ಕಡಿಮೆ. ಮೈಯಲ್ಲಿರುವ ಕೊಬ್ಬು ಕರಗಿಸಿಕೊಂಡು ಕೂತಿರುತ್ತದೆ. ಮರಿಗಳಾದ ಮೇಲೆ ತಿಂಗಳುಗಟ್ಟಲೆ ಅವನ್ನು ಕರೆದುಕೊಂಡು ತಿರುಗುವುದೂ ಅಪ್ಪನೇ. ನಮ್ಮ ಕಡೆಯವರಿಗೂ ಎಮು ಹೊಸದಲ್ಲ. ತಮಿಳುನಾಡು, ಆಂಧ್ರದಲ್ಲಿ ಶುರುವಾದ ಎಮು ಸಾಕಣೆಯ ಹುಚ್ಚು ಕರ್ನಾಟಕಕ್ಕೂ ಬಂದಿತ್ತು. 2012ರ ಹೊತ್ತಿಗೆ ಅದು ಕುಸಿದಾಗ ರೈತರು ಕೈಸುಟ್ಟುಕೊಂಡರು. ಸಾಕಲಾಗದೆ ಬಿಟ್ಟ ಹಕ್ಕಿಗಳು ಅನಾಥವಾದವು. ಬಯಲಿನಲ್ಲಿ ನೂರಾರು ಮೈಲಿ ನಡೆಯುವ ಹಕ್ಕಿಗೆ ತಂತಿಬೇಲಿಯೊಳಗಿನ ಬದುಕು ಒಗ್ಗುವುದಾದರೂ ಹೇಗೆ?

ಆಸ್ಟ್ರೇಲಿಯಾದ ರಾಜ್ಯಗಳಿಗೂ ಅವುಗಳದೇ ಪ್ರಾಣಿಗಳಿವೆ. ನ್ಯೂ ಸೌತ್ ವೇಲ್ಸ್‌ಗೆ ಪ್ಲಾಟಿಪಸ್, ಸೌತ್ ಆಸ್ಟ್ರೇಲಿಯಾಕ್ಕೆ ವೊಂಬ್ಯಾಟ್, ವೆಸ್ಟರ್ನ್ ಆಸ್ಟ್ರೇಲಿಯಾಕ್ಕೆ ನಂಬ್ಯಾಟ್ ಮತ್ತು ಕಪ್ಪು ಹಂಸ. ಕ್ವೀನ್ಸ್‌ಲ್ಯಾಂಡಿಗೆ ಕೋಲಾ. 1927ರ ಆಗಸ್ಟಿನಲ್ಲಿ ಇದೇ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಚರ್ಮಕ್ಕಾಗಿ ಕೋಲಾ ಬೇಟೆಗೆ ಒಂದು ತಿಂಗಳು ಅನುಮತಿ ಕೊಟ್ಟಿತ್ತು. ಜನ ಬೇಡವೆಂದರು, ಪತ್ರಿಕೆಗಳು ಬೇಡವೆಂದವು, ಪಾದ್ರಿಗಳು ಬೇಡವೆಂದರು. ಆದರೂ ಸುಮಾರು ಆರು ಲಕ್ಷ ಕೋಲಾಗಳನ್ನು ಕೊಂದರು. 1971ರಲ್ಲಿ ಕೋಲಾ ಆ ರಾಜ್ಯದ ಲಾಂಛನ ಪ್ರಾಣಿಯಾಯಿತು. 2022ರ ಫೆಬ್ರವರಿಯಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ನಮ್ಮ ಕ್ಯಾನ್‌ಬೆರಾ ಪ್ರದೇಶದ ಕೋಲಾಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. 2019-20ರ ಕಾಳ್ಗಿಚ್ಚು ದೊಡ್ಡ ಪೆಟ್ಟು ಕೊಟ್ಟಿತ್ತು. ಅದಕ್ಕಿಂತ ನಿಧಾನವಾಗಿ, ಬಿಡದೆ ಕಾಡುತ್ತಿರುವುದು ಮರ ಕಡಿಯುವುದು. ಕೋಲಾ ತಿನ್ನುವುದು ಹೆಚ್ಚುಕಡಿಮೆ ನೀಲಗಿರಿ ಮರದ ಎಲೆ ಒಂದನ್ನೇ. ಮರವಿಲ್ಲದ ಕಡೆ ಕೋಲಾ ಇಲ್ಲ.

ಟಾಸ್ಮೇನಿಯಾದ ಕಥೆ ಎಲ್ಲಕ್ಕಿಂತ ಸಂಕಟದ್ದು. ಆ ದ್ವೀಪದ ಲಾಂಛನಕ್ಕೆ 1917ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಗುರಾಣಿ ಹಿಡಿದಿರುವುದು ಎರಡು ಥೈಲಸೀನ್‌ಗಳು. ಬೆನ್ನಿನ ಮೇಲೆ ಹುಲಿಪಟ್ಟೆ, ಮುಖ ನಾಯಿಯದು, ಹೊಟ್ಟೆಯಲ್ಲಿ ಕಾಂಗರೂವಿನಂಥ ಚೀಲ. ಜನ ಟಾಸ್ಮೇನಿಯನ್ ಹುಲಿ ಅನ್ನುತ್ತಿದ್ದರು. ಕುರಿ ಕೊಲ್ಲುತ್ತದೆ ಅನ್ನುವ ಆಪಾದನೆಯ ಮೇಲೆ 1888ರಿಂದ 1909ರವರೆಗೆ ಅಲ್ಲಿಯ ಸರ್ಕಾರ ಒಂದೊಂದು ಥೈಲಸೀನಿಗೂ ಇನಾಮು ಕೊಟ್ಟಿತು. 2,184 ಇನಾಮುಗಳ ದಾಖಲೆ ಇದೆ. ಲಾಂಛನಕ್ಕೆ ಏರುವ ಹೊತ್ತಿಗೆ ಕಾಡಿನಲ್ಲಿ ಅದು ಅಪರೂಪವಾಗಿತ್ತು. ರಕ್ಷಣೆ ಕೊಡುವ ಕಾನೂನು ಬಂದದ್ದು 1936ರ ಜುಲೈ 10ಕ್ಕೆ. ಹೋಬಾರ್ಟ್ ಮೃಗಾಲಯದಲ್ಲಿದ್ದ ಕೊನೆಯ ಥೈಲಸೀನ್ ಸತ್ತದ್ದು ಅದೇ ವರ್ಷ ಸೆಪ್ಟೆಂಬರ್ 7ಕ್ಕೆ. ನಡುವೆ 59 ದಿನ.

ಅದರ ಚರ್ಮ, ಎಲುಬು ಎಲ್ಲಿ ಹೋಯಿತು ಅಂತ ಹಲವು ದಶಕ ಯಾರಿಗೂ ಗೊತ್ತಿರಲಿಲ್ಲ. 2022ರ ಡಿಸೆಂಬರಿನಲ್ಲಿ ಸುದ್ದಿ ಬಂತು. ಹೋಬಾರ್ಟಿನ ವಸ್ತುಸಂಗ್ರಹಾಲಯದ ಕಪಾಟಿನಲ್ಲೇ ಅದು ಇತ್ತು. ವಯಸ್ಸಾದ ಹೆಣ್ಣು ಪ್ರಾಣಿ. ಅದು ಕೊನೆಯದು ಅಂತ ತಿಳಿಯದೆ ಚರ್ಮವನ್ನು ಶಾಲೆಗಳಿಗೆ ಒಯ್ದು ಮಕ್ಕಳಿಗೆ ಪಾಠ ಮಾಡಲು ಬಳಸಿದ್ದರು. ಸೆಪ್ಟೆಂಬರ್ 7ನ್ನು ಈಗ ದೇಶದಲ್ಲಿ ಅಳಿವಿನಂಚಿನ ಜೀವಿಗಳ ದಿನವಾಗಿ ಆಚರಿಸುತ್ತಾರೆ. ಥೈಲಸೀನ್ ಚಿತ್ರ ಮಾತ್ರ ಟಾಸ್ಮೇನಿಯಾದ ಕಾರಿನ ನಂಬರ್ ಪ್ಲೇಟಿನಲ್ಲಿ, ಬಿಯರ್ ಬಾಟಲಿಯಲ್ಲಿ, ಎಲ್ಲ ಕಡೆ ಇದೆ. 2015ರಲ್ಲಿ ಟಾಸ್ಮೇನಿಯಾ ತನ್ನ ಲಾಂಛನ ಪ್ರಾಣಿಯಾಗಿ ಟಾಸ್ಮೇನಿಯನ್ ಡೆವಿಲ್ ಅನ್ನುವ ಚಿಕ್ಕ ಮಾಂಸಾಹಾರಿ ಪ್ರಾಣಿಯನ್ನು ಆರಿಸಿಕೊಂಡಿತು. ಅದಕ್ಕೂ ಮುಖದ ಮೇಲೆ ಗಡ್ಡೆಯಾಗುವ ಒಂದು ಅಂಟು ಕ್ಯಾನ್ಸರ್ ಬಂದಿದೆ. ಮೊದಲು ಕಂಡದ್ದು 1996ರಲ್ಲಿ. ಈ ಸಲ ಕೈಕಟ್ಟಿ ಕೂತಿಲ್ಲ. ರೋಗವಿಲ್ಲದ ಡೆವಿಲ್‌ಗಳನ್ನು ಬೇರೆ ಕಡೆ ಸಾಕಿ ಬೆಳೆಸುತ್ತಿದ್ದಾರೆ, ಲಸಿಕೆಯ ಪ್ರಯತ್ನವೂ ನಡೆದಿದೆ.

ಇಷ್ಟು ಹೊತ್ತು ಹೇಳಿದ್ದು ಇಲ್ಲಿಗೆ ಬ್ರಿಟಿಷರು ಬಂದ ಮೇಲಿನ ಮಾತು. ಕಾಂಗರೂ, ಎಮು ಜೊತೆ ಈ ನೆಲದ ಮೂಲನಿವಾಸಿಗಳ ನಂಟು ಹತ್ತಾರು ಸಾವಿರ ವರ್ಷದ್ದು. ಹಲವು ಬುಡಕಟ್ಟುಗಳಲ್ಲಿ ಹುಟ್ಟಿದ ಮಗುವಿಗೆ ಒಂದು ಪ್ರಾಣಿಯೋ ಗಿಡವೋ ಕುಲದ ಗುರುತಾಗಿ ಬರುತ್ತದೆ. ಆ ಪ್ರಾಣಿಯನ್ನು ಅವರು ತಿನ್ನುವುದಿಲ್ಲ, ಅದನ್ನು ಕಾಯುವ ಹೊಣೆಯೂ ಅವರದೇ. ನಮ್ಮಲ್ಲಿ ಉತ್ತರ ಕನ್ನಡದ, ತುಳುನಾಡಿನ ಸಮುದಾಯಗಳಲ್ಲಿ 'ಬಳಿ' ಇದೆಯಲ್ಲ, ಕೆಲವು ಕಡೆ 'ಬೆಡಗು' ಅನ್ನುತ್ತಾರೆ. ಪ್ರಾಣಿ, ಮರದ ಹೆಸರಿನ ಬಳಿಗಳಿವೆ. ತಮ್ಮ ಬಳಿಯ ಪ್ರಾಣಿಗೆ ಕೈ ಮಾಡಬಾರದು ಅನ್ನುವ ಕಟ್ಟಳೆ ಪಾಲಿಸುವವರಿದ್ದಾರೆ. ಅದನ್ನು ಬಲ್ಲವರಿಗೆ ಇಲ್ಲಿಯ ಮಾತು ತಟ್ಟನೆ ಅರ್ಥವಾಗುತ್ತದೆ.

ಎಮು ಅವರಿಗೆ ಆಕಾಶದಲ್ಲೂ ಇದೆ. ನಾವು ನಕ್ಷತ್ರ ಸೇರಿಸಿ ಚಿತ್ರ ಕಾಣುತ್ತೇವೆ. ಅವರು ಆಕಾಶಗಂಗೆಯ ನಡುವಿನ ಕಪ್ಪು ಜಾಗದಲ್ಲಿ ಎಮು ಕಾಣುತ್ತಾರೆ. ದಕ್ಷಿಣದ ಶಿಲುಬೆ ನಕ್ಷತ್ರಗಳ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಅಲ್ಲಿಂದ ಕುತ್ತಿಗೆ, ಮೈ, ಕಾಲು. ಏಪ್ರಿಲ್, ಮೇ ಸಂಜೆಗಳಲ್ಲಿ ಅದು ಉದ್ದಕ್ಕೂ ಕಂಡರೆ ಎಮು ಮೊಟ್ಟೆ ಇಡುವ ಕಾಲ ಬಂತು ಅಂತ ಲೆಕ್ಕ. ಊರಿನ ದೀಪ ದಾಟಿ ಹೋದರೆ ನಮ್ಮ ಕಣ್ಣಿಗೂ ಕಾಣುತ್ತದೆ. ಒಮ್ಮೆ ಕಂಡ ಮೇಲೆ ಕಾಣದೆ ಇರುವುದಿಲ್ಲ.

2002ರಲ್ಲಿ ಅರಬನ ಜನಾಂಗದ ಹಿರಿಯ ಕೆವಿನ್ ಬಜಕಾಟ್ ಕ್ಯಾನ್‌ಬೆರಾದ ಹಳೆ ಸಂಸತ್ ಭವನದ ಮುಂದಿದ್ದ ಲಾಂಛನವನ್ನು ಕಿತ್ತು ತೆಗೆದುಕೊಂಡು ಹೋದರು. ಕಾಂಗರೂ, ಎಮು ನಮ್ಮ ಜನರ ಪವಿತ್ರ ಪ್ರಾಣಿಗಳು, ನಮ್ಮನ್ನು ಕೇಳದೆ ಇಟ್ಟುಕೊಂಡಿದ್ದೀರಿ ಅನ್ನುವುದು ಅವರ ವಾದ. ಕೇಸಾಯಿತು. ಆ ವಾದಕ್ಕೆ ಯಾರಾದರೂ ಸರಿಯಾದ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಹೊಸ ಸಂಸತ್ ಭವನ 1988ರದು. ಅದರ ಮುಂದಿನ ಅಂಗಳದ ನೆಲದಲ್ಲಿ ಮೂಲನಿವಾಸಿ ಕಲಾವಿದ ಮೈಕೆಲ್ ನೆಲ್ಸನ್ ಜಗಮಾರ ರಚಿಸಿದ, ಪೋಸಮ್ ಅನ್ನುವ ಮರ ಹತ್ತುವ ಪ್ರಾಣಿ ಮತ್ತು ವಾಲಬಿಗಳ ಪುರಾಣದ ದೊಡ್ಡ ಚಿತ್ರ ಇದೆ. ಕೈಯಲ್ಲೇ ಕತ್ತರಿಸಿದ ಸುಮಾರು 90,000 ಗ್ರಾನೈಟ್ ಚೂರುಗಳಿಂದ ಮಾಡಿದ್ದು. ತಲೆ ಎತ್ತಿದರೆ ಬಾಗಿಲ ಮೇಲೆ ಸ್ಟೀಲಿನ ಕಾಂಗರೂ, ಎಮು. ಊರಿನಿಂದ ಬಂದವರನ್ನು ನಾನು ಅಲ್ಲಿ ತಲೆ ಎತ್ತುವ ಮೊದಲು ನೆಲ ನೋಡಿ ಅನ್ನುತ್ತೇನೆ.

ಆಫೀಸಿನಲ್ಲಿ ಒಬ್ಬರು ನಿಮ್ಮ ದೇಶದಲ್ಲಿ ಹೇಗೆ ಅಂತ ಕೇಳಿದರು. ನಮ್ಮ ರಾಜ್ಯದ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ ಇದೆ, ಅದನ್ನು ಯಾರೂ ಬೇಟೆಯಾಡಲಾರರು ಅಂದೆ. ಹುಲಿಯ ವಿಷಯ ಮಾತ್ರ ವಿವರವಾಗಿ ಹೇಳಿದೆ. ಮೊದಲು ನಮ್ಮ ರಾಷ್ಟ್ರೀಯ ಪ್ರಾಣಿ ಸಿಂಹ. 1970ರ ದಶಕದ ಶುರುವಿನಲ್ಲಿ ಆ ಜಾಗಕ್ಕೆ ಹುಲಿ ಬಂತು. ಹೆಸರಿನ ಜೊತೆಗೇ 1972ರ ವನ್ಯಜೀವಿ ಕಾನೂನು ಬಂತು, 1973ರಲ್ಲಿ ಹುಲಿ ಯೋಜನೆ ಬಂತು. ಮೊದಲ ಒಂಬತ್ತು ಜಾಗಗಳಲ್ಲಿ ನಮ್ಮ ಬಂಡೀಪುರವೂ ಒಂದು. ದುಡ್ಡು, ಗಾರ್ಡುಗಳು, ಕಾಡಿನ ಗಡಿ ಎಲ್ಲ ಒಟ್ಟಿಗೆ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಕಾಡಿನಿಂದ ಎದ್ದು ಹೋಗಬೇಕಾದ ಜನರ ನೋವೂ ಅದರಲ್ಲಿ ಸೇರಿದೆ, ಅದನ್ನೂ ಹೇಳಿದೆ. ಅವರು ತುಂಬ ಹೊತ್ತು ಕೇಳುತ್ತಾ ಕೂತರು.

ಕ್ಯಾನ್‌ಬೆರಾಕ್ಕೆ ಬರುವವರು ಇದ್ದರೆ ಒಂದು ಮಾತು. ಕಾಂಗರೂ ನೋಡುವುದು ಸುಲಭ. ಹೆದ್ದಾರಿಯಲ್ಲಿ ಮುಂಜಾನೆ, ಮುಸ್ಸಂಜೆ ಗಾಡಿ ನಿಧಾನವಾಗಿ ಓಡಿಸಿ. ಬ್ರೆಡ್ ಹಾಕಬೇಡಿ, ಅದಕ್ಕೆ ಕಾಯಿಲೆ ಬರುತ್ತದೆ. ಅದರ ಜೊತೆ ಒಂದು ಸಂಜೆ ಮಲಿಗನ್ಸ್ ಫ್ಲ್ಯಾಟ್‌ಗೂ ಇಟ್ಟುಕೊಳ್ಳಿ. ನರಿ, ಬೆಕ್ಕು ನುಗ್ಗದ ಹಾಗೆ 11 ಕಿ.ಮೀ.ಗೂ ಜಾಸ್ತಿ ಬೇಲಿ ಹಾಕಿ ಉಳಿಸಿದ ಕಾಡು ಅದು. ಅಲ್ಲಿ ಬೆಟಾಂಗ್ ಅನ್ನುವ ಮೊಲದ ಗಾತ್ರದ ಪ್ರಾಣಿ ಇದೆ. ಕಾಂಗರೂವಿನ ದೂರದ ನೆಂಟ. ನರಿಗಳ ಬಾಯಿಗೆ ಸಿಕ್ಕಿ ಮುಖ್ಯ ಭೂಮಿಯಿಂದ ಸುಮಾರು ನೂರು ವರ್ಷ ಕಾಣೆಯಾಗಿತ್ತು. ಟಾಸ್ಮೇನಿಯಾದಲ್ಲಿ ಮಾತ್ರ ಉಳಿದಿತ್ತು. ಅಲ್ಲಿಂದ ತಂದು 2012ರಲ್ಲಿ ಇಲ್ಲಿ ಬಿಟ್ಟರು. ಈಗ ಮರಿ ಹಾಕಿ ಸಂಸಾರ ಬೆಳೆಸಿದೆ. ಮಣ್ಣು ಕೆದಕಿ ಅಣಬೆ ಹುಡುಕುತ್ತದೆ, ಆ ಗುಂಡಿಗಳಲ್ಲಿ ಮಳೆನೀರು ಇಂಗುತ್ತದೆ, ಬೀಜ ಮೊಳೆಯುತ್ತದೆ. ರಾತ್ರಿ ಕೆಂಪು ಟಾರ್ಚ್ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮುಂಚೆಯೇ ಬುಕ್ ಮಾಡಬೇಕು. ದಿನ ಹೇಳಿದರೆ ನಾನೂ ಜೊತೆಗೆ ಬರುತ್ತೇನೆ. ದಪ್ಪ ಸ್ವೆಟರ್ ತನ್ನಿ, ಇಲ್ಲಿ ರಾತ್ರಿ ಚಳಿ ಜಾಸ್ತಿ.